ಖಂಡೇನವಮಿಯ ಎಣ್ಣೆ

ಇವತ್ತು ಮಲಾಡಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಸ್ಕೂಟರಿಗೆಂದು ಕಂಪನಿ ಆಯಿಲಿನ ಡಬ್ಬಿ ಒಡೆದ. ಆ ವಾಸನೆಯ ಜೊತೆಗೇ ಜೋಗೇಶ್ವರಿಯ ನಮ್ಮ ಚಾಳಿನ ಒಂದು ಮಧ್ಯಾಹ್ನ ಬಂತು.

ಅಪ್ಪ ಆಟೋ ಓಡಿಸುತ್ತಿದ್ದ. ವರ್ಷವಿಡೀ ಅದಕ್ಕೆ ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಎಣ್ಣೆಯೇ. ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಕಂಪನಿಯ ಡಬ್ಬಿ ತರುತ್ತಿದ್ದ, ಹಬ್ಬಕ್ಕೆ ನಮಗೆ ಹೊಸ ಬಟ್ಟೆ ತಂದ ಹಾಗೆ. ಆ ವರ್ಷ ಎಂಜಿನ್ ಪೂರ್ತಿ ಹೋಗಿತ್ತು. ಆದರೂ ತಂದ.

ಹಳೆಯ ಎಣ್ಣೆ ಡಾಂಬರಿನಂತೆ ಇಳಿಯಿತು. ಅಪ್ಪ ಅದನ್ನು ಬೆರಳಲ್ಲಿ ಉಜ್ಜಿದಾಗ ಕಬ್ಬಿಣದ ಪುಡಿ ಮಿನುಗಿತು. ಬಾಗಿಲಲ್ಲಿ ಕೂತು ಚೆಂಡುಹೂವಿನ ಹಾರ ಪೋಣಿಸುತ್ತಿದ್ದ ಅವ್ವ ತಲೆ ಎತ್ತದೆ ಕೇಳಿದಳು:

"ನಾಳಿ ಗುಜರಿಯಾಂವ ಬಂದು ಒಯ್ತಾನ. ಈಗ್ಯಾಕ ಕಂಪನೀದು?"

"ಹಬ್ಬದ ದಿನಾನೂ ಅದಕ್ಕ ಲೂಸ್ ಹಾಕ್ಲೇನು?"

ಜೇನಿನ ಬಣ್ಣದ ಎಣ್ಣೆಯನ್ನು ಒಂದು ಹನಿಯೂ ಚೆಲ್ಲದಂತೆ ಸುರಿದ. ಡಬ್ಬಿ ಬೋರಲು ಹಿಡಿದು ಕೊನೆಯ ಹನಿ ಬೀಳುವ ತನಕ ಕಾದ. ಆಮೇಲೆ ಸ್ಟಾರ್ಟ್ ಮಾಡಿದ. ಆಟೋ ನೀಲಿ ಹೊಗೆ ಬಿಟ್ಟು, ಕೆಮ್ಮಿ, ನಿಂತುಬಿಟ್ಟಿತು. ಅವ್ವ ಎದ್ದು ಬಂದು ಹಾರ ಹಾಕಿದಳು.

ಮರುದಿನ ಟೆಂಪೋ ಬಂದಾಗ ಹೂವು ಇನ್ನೂ ಬಾಡಿರಲಿಲ್ಲ. ಆಟೋ ಮೇಲೇರಿಸಿ ಹಗ್ಗ ಬಿಗಿಯುತ್ತಿದ್ದ ಗುಜರಿಯವನ ಹತ್ತಿರ ಹೋಗಿ ಅಪ್ಪ ಹೇಳಿದ: "ಆಯಿಲ್ ಕಂಪನಿ ಕಾ ಹೈ, ಭಾಯ್. ಕಲ್ ಹೀ ಡಾಲಾ ಹೈ."

ಅವನು ಹಗ್ಗ ಬಿಗಿಯುತ್ತಲೇ ಇದ್ದ. ಕೇಳಿಸಲಿಲ್ಲವೇನೋ ಎಂದುಕೊಂಡು ಅಪ್ಪ, ಎಣ್ಣೆ ಕಂಪನಿಯದು, ನಿನ್ನೆಯಷ್ಟೇ ಹಾಕಿದ್ದು ಎಂದು ಇನ್ನೊಮ್ಮೆ ಹೇಳಿದ.