ಹಳ್ಳ ಹಾರುವ ಸಿಪಾಯಿ

ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ರಜೆಯ ಮೇಲಿದ್ದ ಶಾಲಾ ಬಸ್ಸಿನ ಡ್ರೈವರ್ ಪುಟ್ಟಲಿಂಗ, ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದ. ಹೆಂಡತಿ ಜಯಶೀಲಳಿಗೆ ಧೈರ್ಯ ಬರಲೆಂದು ತನ್ನ ಹಳೆಯ ವಿಡಿಯೋ ಗೇಮನ್ನು ಟಿವಿಗೆ ಜೋಡಿಸಿ ಕೂತ. ಅತ್ತೆ ಮಲಗಿದ್ದರಿಂದ ಅವಳು ಸದ್ದನ್ನು ಪೂರ್ತಿ ಇಳಿಸಿದ್ದಳು. ತೆರೆಯ ಮೇಲೆ ಪುಟ್ಟ ಸಿಪಾಯಿ ಹಳ್ಳಗಳನ್ನು ಹಾರುತ್ತ ಓಡಿದ. ಒಮ್ಮೆಯೂ ಬೀಳಲಿಲ್ಲ.

“ಇದೊಂದೇ ಆಟ ಯಾಕ್ರೀ ನಿಮ್ಗೆ ಇಷ್ಟೊಂದು ಇಷ್ಟ?”

“ಚಿಕ್ಕೋನಿದ್ದಾಗ ಅಪ್ಪ ನಂಜೊತೆ ಕೂತು ಆಡ್ತಿದ್ದಿದ್ದು ಇದೊಂದೇ ಕಣೇ. ನೋಡು, ಕಣ್ಣು ಕಾಣ್ದಿದ್ರೆ ಹಿಂಗೆ ಆಡಕ್ಕಾಗುತ್ತಾ?”

ಮಾತು ನಿಜವೆನಿಸಿತು. ಆದರೂ ಪಕ್ಕದಲ್ಲೇ ಇದ್ದ ಕಾಫಿ ಲೋಟಕ್ಕೆ ಅವನು ತಡಕಾಡಿದ್ದು ಅವಳ ಮನಸ್ಸನ್ನು ಕೊರೆಯುತ್ತಿತ್ತು. ರಿಮೋಟ್ ಒತ್ತಿ ಟಿವಿ ಆರಿಸಿದಳು.

“ನೋಡಿದ್ಯಾ,” ಬಟನ್ ಒತ್ತುತ್ತಲೇ ಅವನು ನಕ್ಕ, “ಈ ದೊಡ್ಡ ಹಳ್ಳಾನೂ ಹಾರಿಬಿಟ್ಟೆ!”