ಇನ್ನೂ ಎಂಟು ತಿಂಗಳು

"ಇನ್ನೂ ಎಂಟು ತಿಂಗಳಿದೆ ಮೇಡಂ. ಅಲ್ಲೀವರೆಗೂ ಹೊಸ ಫೋನಿಗೆ ಅಪ್‌ಗ್ರೇಡ್ ಆಗಲ್ಲ," ಎಂದ ಅಂಗಡಿಯವನು, ಕಂಪ್ಯೂಟರಿನ ಮೇಲೇ ಸಿಟ್ಟು ಬಂದವನಂತೆ.

ಲೋರ್ನಾ ಕಿವೆಲಾ ತನ್ನ ಒಡೆದ ಫೋನನ್ನು ಕೌಂಟರಿನ ಮೇಲೆ ಇನ್ನಷ್ಟು ಮುಂದಕ್ಕೆ ತಳ್ಳಿದಳು. ಥಂಡರ್ ಬೇ ಊರಿನಲ್ಲಿ ಬೆಳಗ್ಗಿನಿಂದ ಇದು ನಾಲ್ಕನೆಯ ಮೊಬೈಲ್ ಅಂಗಡಿ. ಮೂರು ಕಡೆ ಖಡಾಖಂಡಿತವಾಗಿ ಇಲ್ಲವೆಂದಿದ್ದರು. ಒಂದು ಕಡೆಯಂತೂ ಕೌಂಟರಿನ ಹೆಂಗಸು ತಲೆ ಎತ್ತಿಯೂ ನೋಡಿರಲಿಲ್ಲ. ಹಾಗೆ ಇಲ್ಲವೆನ್ನಿಸಿಕೊಂಡು ಹೊರಬಂದಾಗಲೆಲ್ಲ ಅವಳ ಎದೆ ಹಗುರಾಗಿತ್ತು.

ಇಲ್ಲಿಗೆ ಕಾಲಿಟ್ಟಾಗ ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷವಿತ್ತು. ಅವನೇ ಎದ್ದು ಬಂದು, "ಹೊರಗೆ ಚಳಿ ಕೊಲ್ತಾ ಇದೆ ಅಲ್ವಾ? ಮೊದ್ಲು ಕೂತ್ಕೊಳ್ಳಿ," ಎಂದು ಕುರ್ಚಿ ಎಳೆದುಕೊಟ್ಟಿದ್ದ. ಐವತ್ತು ದಾಟಿದ ಆಸಾಮಿ. ಎದೆಯ ಮೇಲಿನ ಪಟ್ಟಿಯಲ್ಲಿ ಎಮಿಲ್ ಗೋತಿಯೆ ಎಂದಿತ್ತು. ಅವಳು ಅದನ್ನು ಎರಡು ಸಲ ಓದಿಕೊಂಡಿದ್ದಳು.

"ಗಾಜು ಎಷ್ಟು ಒತ್ತಿದ್ರೂ ಕೆಲಸ ಮಾಡಲ್ಲ. ಯಾರಾದ್ರೂ ಫೋನ್ ಮಾಡಿದ್ರೆ ಎತ್ತೋಕಾಗಲ್ಲ," ಎಂದಳು.

"ಅರ್ಥ ಆಗುತ್ತೆ. ಆದ್ರೆ ಇದು ಎರಡು ವರ್ಷದ ಕಾಂಟ್ರ್ಯಾಕ್ಟು. ಮುಗಿಯೋವರೆಗೂ ಈ ಕಂಪ್ಯೂಟರ್ ಡಬ್ಬಾ ನನ್ನ ಮಾತು ಕೇಳಲ್ಲ. ಈ ಫೋನಿನ ಬಾಕಿ ಪೂರ್ತಿ ಕಟ್ಟಿದ್ರೆ ಮಾತ್ರ."

"ಕಟ್ಟೋ ಸ್ಥಿತೀಲಿಲ್ಲ. ಬೇರೆ ಏನಾದ್ರೂ ದಾರಿ ಇದ್ಯಾ ನೋಡಿ."

"ಇಲ್ಲ ಮೇಡಂ."

ಎರಡು ಸಲ ಕೇಳಿಯಾಗಿತ್ತು. ಮೂರನೆಯ ಸಲ ಕೇಳುವಾಗ ಅಮ್ಮನ ವಿಷಯ ತೆಗೆಯಬೇಕು. ಕೆನ್ನೆ ಬಿಸಿಯಾಯಿತು. ತೆಗೆದಳು.

"ನಮ್ಮಮ್ಮ ಆಸ್ಪತ್ರೇಲಿದಾಳೆ. ಆರನೇ ಮಹಡಿ. ಒಂದೇ ದಿನ ಹನ್ನೊಂದು ಸಲ ಫೋನ್ ಮಾಡಿದ್ಲು. ಒತ್ತೀ ಒತ್ತೀ ಬೆರಳು ನೋವು ಬಂತು, ಒಂದನ್ನೂ ಎತ್ತೋಕಾಗ್ಲಿಲ್ಲ."

ಕಟ್ಟಿದ ಕಥೆಯಲ್ಲ ಅದು. ಆರನೆಯ ಮಹಡಿ, ಹನ್ನೊಂದು ಕರೆ, ಎಲ್ಲವೂ ಆದದ್ದೇ. ಆದದ್ದನ್ನು ಹೀಗೆ ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗುತ್ತಿದ್ದೇನಲ್ಲ, ಅಮ್ಮನ ಹೆಸರಿನಲ್ಲಿ ಕೈಯೊಡ್ಡುತ್ತಿದ್ದೇನಲ್ಲ ಎಂದು ಅವಳು ನಾಚಿಕೆಯಿಂದ ಕುಗ್ಗಿಹೋದಳು. ಇಲ್ಲ ಅಂದುಬಿಡು ಮಾರಾಯ, ಎದ್ದು ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಎಮಿಲ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಕೆಲಸದೋರಿಗೆ ಅಂತ ವರ್ಷಕ್ಕೊಂದು ಹೊಸ ಫೋನ್ ಕೊಡ್ತಾರೆ. ನನ್ನದು ಹಾಗೇ ಇದೆ. ಹೆಂಡತಿಗೆ ಅಂತ ಇಟ್ಟಿದ್ದೆ. ನೀವು ತಗೊಂಡ್ಹೋಗಿ."

"ಬೇಡ." ಆ ಮಾತು ಲೋರ್ನಾಳ ಬಾಯಿಂದ ತಾನಾಗಿ ಜಾರಿತು. ಅದನ್ನು ಹೇಳಬಾರದಿತ್ತು.

"ಸುಮ್ನಿರಮ್ಮ. ಅವಳು ಫೋನಲ್ಲಿ ಯಾರನ್ನ ಬೈಬೇಕು? ನಾನು ಮನೇಲೇ ಸಿಗ್ತೀನಲ್ಲ."

"ಹೊರಗಿನೋರಿಗೆ ಕೊಟ್ರೆ ನಿಮಗೆ ತೊಂದರೆ ಆಗಲ್ವಾ?"

"ಗೊತ್ತಾದ್ರೆ ಅವತ್ತೇ ಮನೆಗೆ ಕಳಿಸ್ತಾರೆ. ಕಾಗದದ ಕಾರ್ಖಾನೆ ಮುಚ್ಚಿದ್ಮೇಲೆ ಎರಡು ವರ್ಷ ಅಲೆದು ಸಿಕ್ಕಿದ ಕೆಲಸ ಇದು. ಆದ್ರೆ ಗೊತ್ತಾಗೋದು ಹೇಗೆ? ನಾನಂತೂ ಬಾಯಿ ಬಿಡಲ್ಲ. ನೀವು ಬಿಡ್ತೀರಾ?"

ಲೋರ್ನಾ ಫೋನಿನ ಬಿರುಕನ್ನೇ ನೋಡುತ್ತ ಇಲ್ಲವೆಂದು ತಲೆಯಾಡಿಸಿದಳು.

ಅವನು ತಾನೇ ಡಬ್ಬಿ ಒಡೆದು ಸಿಮ್ ಹಾಕಿದ. ಅವಳ ವಯಸ್ಸಾಗುತ್ತಿರುವ ಕಣ್ಣಿಗೆ ಅನುಕೂಲವಾಗಲೆಂದು ಅಕ್ಷರಗಳನ್ನು ದೊಡ್ಡದು ಮಾಡಿಕೊಟ್ಟ. ಬಾಗಿಲವರೆಗೆ ಬಂದವನು ಏನೋ ನೆನಪಾಗಿ ಓಡಿಹೋಗಿ, ತಾನು ತಿನ್ನಲೆಂದು ತಂದಿದ್ದ, ಗುಲಾಬಿ ಬಣ್ಣದ ಸಕ್ಕರೆ ಬಳಿದ ಬನ್ನನ್ನು ಕಾಗದದಲ್ಲಿ ಸುತ್ತಿ ತಂದು ಅವಳ ಕೈಗಿಟ್ಟ.

"ಅಮ್ಮನಿಗೆ ಕೊಡಿ. ಆಸ್ಪತ್ರೆ ಊಟ ನಾಯೀನೂ ಮೂಸಲ್ಲ. ಮತ್ತೆ, ಮೊದಲನೇ ಫೋನು ಅವರಿಗೇ ಮಾಡ್ಬೇಕು, ಆಯ್ತಾ?"

ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡ ಮೇಲೆ ಲೋರ್ನಾ ಅತ್ತಳು. ನಾಲ್ಕು ವರ್ಷದ ಹಿಂದೆ, ಅಮ್ಮ ಇನ್ನೂ ಬದುಕಿದ್ದಾಗ, ಇಂಥ ಒಬ್ಬ ಮನುಷ್ಯ ಈ ಊರಿನ ಯಾವ ಕೌಂಟರಿನ ಹಿಂದೆಯೂ ಅವಳಿಗೆ ಸಿಕ್ಕಿರಲಿಲ್ಲ.

ಕಣ್ಣೊರೆಸಿಕೊಂಡಳು. ಒಡೆದ ಫೋನನ್ನೂ ಹೊಸ ಫೋನನ್ನೂ ಅವಳನ್ನು ಈ ಅಂಗಡಿಗಳಿಗೆ ಕಳಿಸಿದ್ದ ಫೋನ್ ಕಂಪನಿಯವರು ಕೊಟ್ಟಿದ್ದ ಚೀಲಕ್ಕೆ ಹಾಕಿ ಬಾಯಿ ಅಂಟಿಸಿದಳು. ಬಳಿಕ, ಗಿರಾಕಿಯಂತೆ ಹೋಗಿ ನೌಕರರನ್ನು ಪರೀಕ್ಷಿಸಿ ಬರುವವರು ತುಂಬಬೇಕಾದ ಹಾಳೆಗಳಲ್ಲಿ ಆ ದಿನದ ನಾಲ್ಕನೆಯದನ್ನು ತೊಡೆಯ ಮೇಲಿಟ್ಟುಕೊಂಡಳು. ಒಳಹೊಕ್ಕ ಸಮಯ, ಎರಡಕ್ಕೆ ಹತ್ತು ನಿಮಿಷ. ಬರಮಾಡಿಕೊಂಡ ರೀತಿ, ಉತ್ತಮ.

ನಿಯಮ ಮೀರಿದ ನೌಕರನ ಹೆಸರು ಎಂಬಲ್ಲಿ, ಒಂದಕ್ಷರವೂ ತಪ್ಪದಂತೆ, ಎಮಿಲ್ ಗೋತಿಯೆ ಎಂದು ಬರೆದಳು.