ನಾಲ್ಕು ಸಿಲಿಂಡರಿಗೂ ಒಂದೇ ಅಂಕಿ

“ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡಿ,” ಎಂದರು ಮೇಸ್ತ್ರಿ, ಬಾನೆಟ್ಟಿನ ಅಡಿಯಿಂದಲೇ.

ಸ್ಟಿಯರಿಂಗ್ ಹಿಂದೆ ಕೂತಿದ್ದ ಹೆಂಡತಿ ಕೀಲಿ ತಿರುಗಿಸಿದಳು. ಬಲಗಾಲನ್ನು ಮಾತ್ರ ಪೆಡಲಿಗೆ ಸೋಕಿಸಲಿಲ್ಲ. ಪೆಡಲ್ ಒತ್ತದೆ ಒಳಗೆ ಗಾಳಿಯೇ ಹೋಗದಿದ್ದರೆ ಸಿಲಿಂಡರಿನಲ್ಲಿ ಕಂಪ್ರೆಷನ್, ಅಂದರೆ ಒತ್ತಡ, ಎಲ್ಲಿಂದ ಬಂದೀತು? ಮೂವತ್ತು ವರ್ಷ ಗಂಡನ ಗ್ಯಾರೇಜಿನಲ್ಲಿ ಇದೇ ಕೆಲಸಕ್ಕೆ ಕೂತವಳಿಗೆ ಅಷ್ಟು ಗೊತ್ತಿರದೆ ಏನು.

ಪ್ಲಗ್ಗುಗಳನ್ನೆಲ್ಲ ಬಿಚ್ಚಿದ್ದ ಎಂಜಿನ್ ಏದುಸಿರು ಬಿಡುತ್ತಾ ತಿರುಗಿತು. ಮೇಸ್ತ್ರಿ ಮೊದಲ ಸಿಲಿಂಡರಿಗೆ ಸಿಕ್ಕಿಸಿದ್ದ ಒತ್ತಡದ ಮೀಟರ್ ನೋಡಿ “ತೊಂಬತ್ತು” ಎಂದರು. ಕಾರು ಕೊಳ್ಳಲು ಬಂದವನು ಕೈಯಲ್ಲಿದ್ದ ಚೀಟಿ ನೋಡಿಕೊಂಡ. ನೂರೈವತ್ತಾದರೂ ಇರಬೇಕು ಎಂದು ಯಾರೋ ಬರೆದುಕೊಟ್ಟಿದ್ದರು.

ತಪ್ಪು ಅವಳದೇ. ಹೋದ ತಿಂಗಳು ಒಗೆದ ಬಟ್ಟೆಗೆಲ್ಲ ಗ್ರೀಸ್ ಮೆತ್ತಿದ ಸಿಟ್ಟಿನಲ್ಲಿ, ಈ ಬ್ರಿಟಿಷ್ ಡಬ್ಬಾನ ಮಾರಿ ಕೈತೊಳ್ಕೊಳ್ಳಿ ಎಂದುಬಿಟ್ಟಿದ್ದಳು. ಮೇಸ್ತ್ರಿ ಹೋಗಿ ಜಾಹೀರಾತು ಕೊಟ್ಟು ಬಂದಿದ್ದರು. ಬೇಡ ಎನ್ನೋಣವೆಂದರೆ ಅವರ ಮಂಡಿನೋವು ನೋಡಿ ಅವಳಿಗೆ ಬಾಯಿ ಬರಲಿಲ್ಲ. ದುಡಿದು ಹಣ್ಣಾದ ಜೀವ, ಇನ್ನೆಷ್ಟು ದಿನ ಕಾರಿನಡಿ ತೆವಳಬೇಕು? ಆದರೂ ಅವಳು ಗಾಡಿ ಕಲಿತದ್ದು ಇದರಲ್ಲೇ. ಕ್ಲಚ್ ಸುಟ್ಟ ದಿನ ಅವರು ಬೈದಿರಲಿಲ್ಲ, ಬಿದ್ದು ಬಿದ್ದು ನಕ್ಕಿದ್ದರು. ಇದು ಬೇರೆಯವರ ಪಾಲಾಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಎರಡನೆಯದು ತೊಂಬತ್ತು. ಮೂರನೆಯದು ಎಂಬತ್ತೆಂಟು. ನಾಲ್ಕನೆಯದೂ ತೊಂಬತ್ತು.

ನಾಲ್ಕೂ ಹೀಗೆ ಒಂದೇ ಸಮ ಇಳಿದರೆ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೂ ಮೊದಲು ಪೆಡಲನ್ನೇ ಅನುಮಾನಿಸುತ್ತಾನೆ. ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿ ಬಿಟ್ಟಾರೆಯೇ?

“ಪೂರ್ತಿ ಒತ್ತಿದೀಯಾ ತಾನೇ?”

“ಹೂಂ ರೀ.”

ಅವರು ಇಣುಕಿಯೂ ನೋಡಲಿಲ್ಲ. ಅಂಗಿಯ ಜೇಬನ್ನೊಮ್ಮೆ ತಡವಿಕೊಂಡು, ಎಂಜಿನ್ ಪೂರ್ತಿ ಬಿಚ್ಚಬೇಕಾದೀತು, ಇದರ ಸಾಮಾನು ಸಿಗುವುದೂ ಕಷ್ಟ ಎಂದು ಬಂದವನಿಗೆ ಹೇಳಿದರು. ಅವನು ಚೀಟಿ ಮಡಚಿಕೊಂಡು ಹೊರಟುಹೋದ.

ಮೇಸ್ತ್ರಿ ಸೋತ ಕೈಗಳಿಂದ ಪ್ಲಗ್ಗುಗಳನ್ನು ಒಂದೊಂದಾಗಿ ಹಾಕಿದರು. ಬಾನೆಟ್ ಮುಚ್ಚಿ, ಗಾಡಿ ಒಳಗೆ ನಿಲ್ಲಿಸು ಎಂದರು. ಸುಳ್ಳಾಡಿದ್ದನ್ನು ಹೇಳಿಬಿಡೋಣ ಎಂದುಕೊಳ್ಳುತ್ತಲೇ ಅವಳು ಸ್ಟಾರ್ಟ್ ಮಾಡಿದಳು. ಎಂಜಿನ್ ಹತ್ತಿಕೊಂಡಿತು. ಆ ದಿನ ಮೊದಲ ಸಲ ಪೆಡಲ್ ಒತ್ತಿದಳು.

ಪೆಡಲ್ ತಡೆಯೇ ಇಲ್ಲದೆ ನೆಲಕ್ಕೆ ಹೋಯಿತು. ಎಂಜಿನ್ನಿನ ಸದ್ದು ಒಂದಿಷ್ಟೂ ಏರಲಿಲ್ಲ.

“ಇರು, ಮರ್ತೇಬಿಟ್ಟೆ,” ಎಂದು ಮೇಸ್ತ್ರಿ ಅವಳ ಮುಖ ತಪ್ಪಿಸಿ, ಜೇಬಿನಿಂದ, ಪೆಡಲನ್ನು ಎಂಜಿನ್ನಿಗೆ ಸೇರಿಸುವ ಆಕ್ಸಿಲರೇಟರ್ ಕೇಬಲ್ಲಿನ ಪಿನ್ನು ತೆಗೆದರು. “ಅವನು ಬರೋಕೆ ಮುಂಚೆನೇ ಬಿಚ್ಚಿಟ್ಕೊಂಡಿದ್ದೆ.”